ಲಘುವಲ್ಲದ ಶಂಕೆ

ನಮ್ಮ ಭಾಷೆಯಲ್ಲಿ ಈ ಒಂದು ವಿಷಯಕ್ಕೆ ಹೊದಿಸಿರುವಷ್ಟು ಮುಸುಕುಗಳನ್ನು ಇನ್ನಾವುದಕ್ಕೂ ಹೊದಿಸಿದಂತೆ ಕಾಣೆ. ಹಿರಿಯರು ‘ಜಲಬಾಧೆ’ ಎನ್ನುತ್ತಾರೆ. ಸಂಸ್ಕೃತ ಬಲ್ಲವರು ‘ಲಘುಶಂಕೆ’ ಎನ್ನುತ್ತಾರೆ. ಶಾಲೆಯ ಮಕ್ಕಳು ಕಿರುಬೆರಳನ್ನೆತ್ತಿ ‘ಒಂದಕ್ಕೆ’ ಎಂದು ಮುಗಿಸುತ್ತವೆ. ಅಚ್ಚಗನ್ನಡದ ‘ಉಚ್ಚೆ’ ಎಂಬ ಮಾತನ್ನು ಐದು ವರ್ಷ ದಾಟಿದ ಮೇಲೆ ಸಭ್ಯರ ಎದುರಿನಲ್ಲಿ ಯಾರೂ ಆಡುವುದಿಲ್ಲ. ಹನ್ನೆರಡು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಈ ಪದಗಳ ವಿಚಾರವಾಗಿ ವಿದ್ಯಾರ್ಥಿಗಳ ಮುಂದೆ ಒಂದು ಸಾರಿಯೂ ಬಾಯಿ ಬಿಟ್ಟವನಲ್ಲ. ಈಗ ಬರೆಯಲು ಕುಳಿತಿರುವುದೂ ಧೈರ್ಯದಿಂದೇನಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಬರೆಯಿಸುತ್ತಿದೆ. ಓದುಗರು ಊಟದ ಹೊತ್ತಿನಲ್ಲಿ ಈ ಪುಟವನ್ನು ತೆರೆದಿದ್ದರೆ ದಯವಿಟ್ಟು ಮನ್ನಿಸಬೇಕು.

ಕಳೆದ ವರ್ಷ ಸಂಕ್ರಾಂತಿ ಮುಗಿದು ನಾಲ್ಕಾರು ದಿನಗಳಾಗಿದ್ದುವು. ಬೆಳಗಿನ ಜಾವ ಎದ್ದು ಬಚ್ಚಲುಮನೆಗೆ ಹೋದವನು ಕೆಳಗೆ ನೋಡಿ ಹೌಹಾರಿದೆ. ಬೆಳ್ಳಗಿನ ಪಿಂಗಾಣಿಯ ಮೇಲೆ ಕೆಂಪು! ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಮೂವತ್ತಾರನೆಯ ವಯಸ್ಸಿಗೆ ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಬಿಟ್ಟು ಹೊರಡಬೇಕಾಯಿತಲ್ಲಾ ಎಂದು ಕಣ್ಣು ಹನಿಗೂಡಿತು. ಜೀವವಿಮೆಯ ಕಾಗದಗಳು ಬೀರುವಿನ ಯಾವ ಖಾನೆಯಲ್ಲಿವೆ ಎಂಬುದನ್ನೂ ಮನಸ್ಸಿನಲ್ಲಿಯೇ ಹುಡುಕಿದೆನೆಂದು ಒಪ್ಪಿಕೊಳ್ಳುತ್ತೇನೆ. ಆರೂವರೆಗೆ ನಮ್ಮ ಮನೆಯ ಡಾಕ್ಟರಿಗೆ ಫೋನು ಮಾಡಿದೆ. ಅವರು ನಿದ್ದೆಗಣ್ಣಿನಲ್ಲಿಯೇ ಎಲ್ಲವನ್ನೂ ಕೇಳಿ, “ರಾತ್ರಿ ಊಟಕ್ಕೆ ಏನಿತ್ತು, ಮೇಷ್ಟ್ರೇ?” ಎಂದರು.

“ಚಪಾತಿ, ಬೀಟ್‌ರೂಟು ಪಲ್ಯ.”

ಆ ಕಡೆಯಿಂದ ಬಂದ ನಗುವಿಗೆ ನನ್ನ ಕಿವಿ ಬಿಸಿಯಾಯಿತು. ಬೀಟ್‌ರೂಟಿನ ಬಣ್ಣ ಎಲ್ಲರ ಹೊಟ್ಟೆಯಲ್ಲಿಯೂ ಪೂರ್ತಿ ಕರಗಿಹೋಗುವುದಿಲ್ಲವಂತೆ. ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಅದು ರಕ್ತಕ್ಕೆ ಸೇರಿ, ಮೂತ್ರದಲ್ಲಿ ಇಳಿದುಬರುವುದುಂಟಂತೆ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಮೇಲೆ ತಾನಾಗಿಯೇ ತಿಳಿಯಾಗುತ್ತದೆ ಎಂದರು. ಕ್ಷಯಕ್ಕೆ ಕೊಡುವ ಒಂದು ಮಾತ್ರೆಯಿಂದ ಕಿತ್ತಳೆಗೆಂಪು ಬರುತ್ತದೆ, ಬಿ-ಕಾಂಪ್ಲೆಕ್ಸ್ ನುಂಗಿದರೆ ಕಣ್ಣು ಕುಕ್ಕುವ ಹಳದಿ ಬರುತ್ತದೆ, ಅವೂ ರೋಗಗಳಲ್ಲ ಎಂದು ಸಮಾಧಾನವನ್ನೂ ಹೇಳಿದರು. ನನ್ನಾಕೆ ಈ ಕಥೆಯನ್ನು ಕಾಫಿಯ ಹೊತ್ತಿಗೆ ಮನೆಮಂದಿಗೆಲ್ಲ ಬಡಿಸಿದಳು. ಮಗಳಿಗೆ ಏನೂ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಗದೆ ಇದ್ದವರು ಒಬ್ಬರೇ, ನಮ್ಮ ತಂದೆಯವರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು. ಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಂಡೇ ಇದ್ದರು. ಸೊಸೆ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು:

“ಬೀಟ್‌ರೂಟು ತಿಂದರೆ ಎಷ್ಟು ದಿವಸ ಹಾಗಿರುತ್ತೆ ಅಂದರು, ಮಗು?”

“ಹೆಚ್ಚೆಂದರೆ ಎರಡು ದಿವಸ ಅಪ್ಪ.”

“ಓಹೋ,” ಎಂದು ಪುಟ ತಿರುವಿದರು. ಸ್ವಲ್ಪ ಹೊತ್ತಾದ ಮೇಲೆ, “ತಿನ್ನದೆಯೂ ಬರುತ್ತದೆಯೋ?” ಎಂದರು.

ಆ ಪ್ರಶ್ನೆಯ ಅರ್ಥ ನನಗೆ ಹೊಳೆಯಲು ಒಂದೆರಡು ಗಳಿಗೆ ಹಿಡಿಯಿತು. ಹೊಳೆದಾಗ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

ದೀಪಾವಳಿಯ ಮಾರನೆಯ ದಿನ ಮೊದಲು ಕಂಡಿತಂತೆ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಎರಡು ದಿನವಿದ್ದು ನಿಂತುಹೋಯಿತು. ಉಷ್ಣವಾಗಿರಬೇಕೆಂದು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿ, ಸೊಸೆಯ ಕೈಯಲ್ಲಿ ‘ನಾಲಗೆ ರುಚಿ ಕೆಟ್ಟಿದೆ’ ಎಂದು ನೆಪ ಹೇಳಿ ಬಾರ್ಲಿ ನೀರು ಮಾಡಿಸಿ ಕುಡಿದರು. ಬೀದಿಯ ಕೊನೆಯ ಎಳನೀರಿನವನಿಗೂ ಒಂದು ವಾರ ಒಳ್ಳೆಯ ವ್ಯಾಪಾರವಾಯಿತು. ಮುಂದಿನ ತಿಂಗಳು ಮತ್ತೆ ಬಂತು, ಮತ್ತೆ ಹೋಯಿತು. ಬಾರ್ಲಿಯ ಮಹಿಮೆಯ ಮೇಲೆ ನಂಬಿಕೆ ಬಲವಾಯಿತು. ಸಂಕ್ರಾಂತಿಯ ಹಿಂದಿನ ದಿನ ಮೂರನೆಯ ಸಾರಿ.

“ಹೇಳಬಾರದಾಗಿತ್ತೇ ಅಪ್ಪ?” ಎಂದೆ. ಸ್ವರ ಸ್ವಲ್ಪ ಏರಿಯೇ ಇತ್ತು.

“ಏನೆಂದು ಹೇಳುವುದು? ಸೊಸೆ ಓಡಾಡುವ ಮನೆ,” ಎಂದರು. ಸಾವಿರಾರು ಹುಡುಗರನ್ನು ಗದರಿಸಿದ ಮನುಷ್ಯ ಅಂದು ಪತ್ರಿಕೆಯ ಮರೆಯಲ್ಲಿ ಹುಡುಗನಂತೆ ಕುಳಿತಿದ್ದರು.

ಆ ದಿನವೇ ಡಾಕ್ಟರಲ್ಲಿಗೆ ಹೋದೆವು. ಈ ಬಾರಿ ಅವರು ನಗಲಿಲ್ಲ. ವಯಸ್ಸಾದವರಿಗೆ ನೋವಿದ್ದು ರಕ್ತ ಬಂದರೆ ಸೋಂಕೋ ಕಲ್ಲೋ ಇರಬಹುದು. ನೋವೇ ಇಲ್ಲದೆ ಬಂದರೆ ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕು ಎಂದರು. ನಮ್ಮ ಲೋಕವ್ಯವಹಾರಕ್ಕೆ ಇದು ತೀರ ತಿರುಗುಮುರುಗು. ನೋಯದಿದ್ದರೆ ಗಾಬರಿಯಿಲ್ಲ ಎಂದೇ ಅಲ್ಲವೇ ನಾವೆಲ್ಲ ಎಣಿಸಿರುವುದು? ಅಂದು ತಂದೆಯವರು ಸೀಸೆಯಲ್ಲಿ ಹಿಡಿದುಕೊಟ್ಟದ್ದು ಹೊನ್ನಿನ ಬಣ್ಣದ ತಿಳಿ ಮೂತ್ರ. ನೋಡಿ ನನಗೆ ಎಷ್ಟೋ ಧೈರ್ಯ ಬಂತು. ಆದರೆ ಕಣ್ಣಿಗೆ ಕಾಣದ ಕೆಂಪು ಕಣಗಳು ಸೂಕ್ಷ್ಮದರ್ಶಕದ ಕೆಳಗೆ ಹೇರಳವಾಗಿ ಕಂಡುವು. ನಿಂತುಹೋಗಿತ್ತೆಂದು ನಾವು ತಿಳಿದದ್ದು ನಿಂತಿರಲೇ ಇಲ್ಲ.

ಸ್ಕ್ಯಾನು ಮಾಡಿಸಲು ಆಸ್ಪತ್ರೆಗೆ ಬರೆದುಕೊಟ್ಟರು. ಒಂದು ಲೀಟರು ನೀರು ಕುಡಿದು, ತುಂಬಿಕೊಂಡು, ತಡೆದುಕೊಂಡು ಕಾಯಬೇಕು. ಮೂತ್ರಕೋಶ ತುಂಬಿ ಅರಳಿಕೊಂಡಾಗಲೇ ಅದರ ಒಳಗೋಡೆ ಚೆನ್ನಾಗಿ ಕಾಣುವುದು. ನಮ್ಮ ಮುಂದೆ ಹದಿನಾಲ್ಕು ಜನರಿದ್ದರು. ಮುಕ್ಕಾಲು ಗಂಟೆಯ ಹೊತ್ತಿಗೆ ತಂದೆಯವರ ಹಣೆ ಬೆವರಿತು. “ಪಾಠದ ಮಧ್ಯೆ ಕಿರುಬೆರಳೆತ್ತಿದ ಹುಡುಗರನ್ನು ‘ಗಂಟೆ ಹೊಡೆಯುವವರೆಗೆ ಕೂತ್ಕೊಳ್ಳೋ’ ಎಂದು ಎಷ್ಟು ಸಾರಿ ಕೂರಿಸಿದ್ದೆನೋ. ಆ ಮಕ್ಕಳ ಶಾಪ ಕಣೋ ಇದು,” ಎಂದರು. ಇಬ್ಬರಿಗೂ ನಗು ಬಂತು. ಆದರೆ ಆ ಸ್ಥಿತಿಯಲ್ಲಿ ನಗುವುದೂ ಅಪಾಯವೆಂದು ಅವರು ಕೂಡಲೇ ಗಂಭೀರರಾದರು.

ಆ ಪಡಸಾಲೆಯ ಗೋಡೆಯ ಮೇಲೆ ಒಂದು ಬಣ್ಣದ ಚಿತ್ರಪಟವಿತ್ತು. ಬೇರೇನೂ ಓದಲು ಇಲ್ಲದ್ದರಿಂದ ಅದನ್ನೇ ಓದಿದೆ. ಮನೆಗೆ ಬಂದ ಮೇಲೆ ಪುಸ್ತಕಗಳನ್ನೂ ತಂದು ಓದಿದೆ. ಮೂವತ್ತಾರು ವರ್ಷ ಈ ಯಂತ್ರವನ್ನು ಬಳಸಿಯೂ ಅದರ ವಿಷಯವಾಗಿ ನಾನು ಎಷ್ಟು ಅಜ್ಞಾನಿಯಾಗಿದ್ದೆ ಎಂಬುದು ಆಗ ತಿಳಿಯಿತು. ಮೂತ್ರಪಿಂಡಗಳು ಹೊಟ್ಟೆಯ ಮುಂಭಾಗದಲ್ಲಿ ಎಲ್ಲಿಯೋ ಇರುತ್ತವೆಂದೇ ನನ್ನ ಭಾವನೆ. ಇಲ್ಲ, ಅವು ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಬೆನ್ನೆಲುಬಿನ ಎರಡು ಮಗ್ಗುಲಲ್ಲಿ ಅಡಗಿವೆ. ಅವರೆಕಾಳಿನ ಆಕಾರ, ಮುಷ್ಟಿಯ ಗಾತ್ರ, ಸುಮಾರು 11 ಸೆಂಟಿಮೀಟರು ಉದ್ದ. ಮೇಲೆ ಯಕೃತ್ತು ಕುಳಿತಿರುವುದರಿಂದ ಬಲಗಡೆಯದು ಎಡಗಡೆಯದಕ್ಕಿಂತ ಕೊಂಚ ಕೆಳಗೆ ಸರಿದಿರುತ್ತದೆ. ಒಂದೊಂದರ ತೂಕ 150 ಗ್ರಾಮಿನ ಆಸುಪಾಸು. ಎರಡನ್ನೂ ಸೇರಿಸಿ ತೂಗಿದರೂ ಮೈತೂಕದ ನೂರರಲ್ಲಿ ಅರ್ಧ ಪಾಲು ಆದೀತು, ಅಷ್ಟೆ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು, ನಿಮಿಷಕ್ಕೆ ಲೀಟರಿಗೂ ಮಿಕ್ಕು, ಇವಕ್ಕೇ ಹರಿಯುತ್ತದೆ!

ಒಂದೊಂದು ಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ನೆಫ್ರಾನ್ ಎಂದು ಅವುಗಳ ಹೆಸರು. ಕೂದಲಿಗಿಂತ ತೆಳುವಾದ ರಕ್ತನಾಳಗಳ ಸಣ್ಣದೊಂದು ಉಂಡೆ, ಅದನ್ನು ಬಟ್ಟಲಿನಂತೆ ತಬ್ಬಿದ ಒಂದು ಕೋಶ, ಅಲ್ಲಿಂದ ಹೊರಟು ಸುತ್ತಿ ಬಳಸಿ ಹೋಗುವ ಒಂದು ಕೊಳವೆ. ಈ ಬಟ್ಟಲಿನ ಕೆಲಸವನ್ನು ವಿವರಿಸಿದವನು ಇಂಗ್ಲೆಂಡಿನ ವಿಲಿಯಂ ಬೋಮನ್, 1842ರಲ್ಲಿ. ನನ್ನನ್ನು ಬೆರಗುಗೊಳಿಸಿದ್ದು ಇವು ಕೆಲಸ ಮಾಡುವ ರೀತಿ. ರಕ್ತದಲ್ಲಿರುವ ಕಸವನ್ನು ಆರಿಸಿ ತೆಗೆಯುತ್ತವೆಯೆಂದು ನಾನು ತಿಳಿದಿದ್ದೆ. ಹಾಗಲ್ಲ. ಯುಗಾದಿಯ ಮುಂಚೆ ನಮ್ಮ ತಾಯಿಯವರು ಮನೆ ತೊಳೆಯುತ್ತಿದ್ದುದು ಹೇಗೆ? ಒಳಗಿನ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿಸಿ, ಬೇಕಾದ ಒಂದೊಂದನ್ನೂ ಮತ್ತೆ ಒಳಗೆ ತೆಗೆದುಕೊಂಡು, ಉಳಿದುದನ್ನು ತಿಪ್ಪೆಗೆ ಕಳಿಸುತ್ತಿದ್ದರು. ಪಿಂಡಗಳದೂ ಅದೇ ಪದ್ಧತಿ. ರಕ್ತಕಣಗಳನ್ನೂ ಪ್ರೋಟೀನನ್ನೂ ತಡೆದಿಟ್ಟು, ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ಒಮ್ಮೆ ಹೊರಗೆ ಬಿಟ್ಟು, ಬೇಕಾದುದನ್ನು ಹಿಂದಕ್ಕೆ ಹೀರಿಕೊಳ್ಳುತ್ತವೆ. ಹೀಗೆ ದಿನಕ್ಕೆ ಸೋಸುವುದು 180 ಲೀಟರು, ಎಂದರೆ ಹನ್ನೆರಡು ಕೊಡ. ಹಿಂದಕ್ಕೆ ಪಡೆಯದೆ ಉಳಿಸುವುದು ಒಂದೂವರೆ ಲೀಟರಿನಷ್ಟು ಮಾತ್ರ. ನಮ್ಮ ತಾಯಿಯವರು ವರ್ಷಕ್ಕೊಮ್ಮೆ ಮಾಡುತ್ತಿದ್ದುದನ್ನು ಇವು ಹಗಲೂ ಇರುಳೂ ಮಾಡುತ್ತಲೇ ಇರುತ್ತವೆ.

ಉಳಿದದ್ದು ಅಡಿಗೆ ಸ್ವಲ್ಪ ಕಡಮೆ ಉದ್ದದ ಎರಡು ನಾಳಗಳಲ್ಲಿ ಇಳಿದು ಮೂತ್ರಕೋಶಕ್ಕೆ ಬರುತ್ತದೆ. ಅದು ಹಿಗ್ಗುವ ಸ್ನಾಯುವಿನ ಚೀಲ. 200 ಮಿಲಿಲೀಟರು ತುಂಬುವ ಹೊತ್ತಿಗೆ ನೆನಪು ಕೊಡಲು ಪ್ರಾರಂಭಿಸುತ್ತದೆ, 400-500ರವರೆಗೆ ತಾಳಿಕೊಳ್ಳುತ್ತದೆ. ಅಲ್ಲಿಂದ ಹೊರಗೆ ಬರುವ ದಾರಿ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರು, ಹೆಂಗಸರಲ್ಲಿ ಬರಿಯ ನಾಲ್ಕು. ಹೊರಗಿನ ಸೂಕ್ಷ್ಮಜೀವಿಗಳು ಒಳಗೆ ಹತ್ತುವುದು ಅವರಲ್ಲಿ ಅಷ್ಟು ಸುಲಭ. ಈ ಸಂಗತಿಯನ್ನು ರಾತ್ರಿ ನನ್ನಾಕೆಗೆ ಹೊಸ ಪಾಂಡಿತ್ಯದ ಜಂಬದಿಂದ ಹೇಳಿದೆ. ಅವಳು ಬಟ್ಟೆ ಮಡಿಸುತ್ತಾ, “ನನಗೇನು ಹೇಳ್ತೀರಿ, ಹೋದ ವರ್ಷ ಎರಡು ಸಾರಿ ಉರಿಮೂತ್ರ ಬಂದಿತ್ತಲ್ಲ,” ಎಂದಳು. ನನಗೆ ಗೊತ್ತಿದ್ದದ್ದು ಒಂದು ಸಾರಿಯದು. ಇನ್ನೊಂದನ್ನು ಔಷಧದ ಅಂಗಡಿಯವನು ಕೊಟ್ಟ ಮಾತ್ರೆಯಿಂದ ತಾನೇ ನಿಭಾಯಿಸಿದ್ದಳು. ಅವಳು ಪಾಠ ಹೇಳುವ ಶಾಲೆಯಲ್ಲಿ ಇಪ್ಪತ್ತೆರಡು ಜನ ಉಪಾಧ್ಯಾಯಿನಿಯರಿಗೆ ಒಂದು ಶೌಚಗೃಹ. ಅದರ ನಲ್ಲಿಯಲ್ಲಿ ನೀರು ಬರುವುದು ಅದರ ಮರ್ಜಿ. ಆದ್ದರಿಂದ ಅವರೆಲ್ಲ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದಿರುವ ಉಪಾಯ ಕಂಡುಕೊಂಡಿದ್ದಾರೆ. ನಾನು ಪ್ರತಿದಿನ ಬೆಳಗ್ಗೆ ತುಂಬಿಸಿ ಕೊಡುತ್ತಿದ್ದ ನೀರಿನ ಬಾಟಲಿ ಸಂಜೆ ತುಂಬಿಯೇ ಬರುತ್ತಿತ್ತೆಂಬುದನ್ನು ನಾನು ಗಮನಿಸಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಗುಟ್ಟುಗಳು! ನೀರು ಕುಡಿಯದಿದ್ದರೆ ಮೂತ್ರ ಗಾಢವಾಗುತ್ತದೆ. ಬಹಳ ಹೊತ್ತು ಹಿಡಿದಿಟ್ಟರೆ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬಿಡುವು ಸಿಗುತ್ತದೆ. ಇದಕ್ಕೆ ಔಷಧಿ ಅಂಗಡಿಯಲ್ಲಿಲ್ಲ, ಶಾಲೆಯ ನಲ್ಲಿಯಲ್ಲಿದೆ.

ಮೂತ್ರವನ್ನು ನೋಡಿ ರೋಗ ಹೇಳುವ ವಿದ್ಯೆ ನಮ್ಮಲ್ಲಿ ಬಹು ಹಳೆಯದು. ಚರಕಸಂಹಿತೆ ಪ್ರಮೇಹಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸುತ್ತದೆ: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಇರುವೆ ಮುತ್ತುವುದನ್ನೂ ಆ ವೈದ್ಯರು ಗುರುತಿಸಿದ್ದರು. ಮಧುಮೇಹವೆಂಬ ಹೆಸರೇ ಜೇನಿನದು. ಪಶ್ಚಿಮದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರುಚಿಯನ್ನೇ ನೋಡಿದರು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲಿ ಅದು ಜೇನಿನಂತೆ ಸಿಹಿ ಎಂದು ಬರೆದಿಟ್ಟ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬಾತ ಅದನ್ನು ಕುದಿಸಿ ಇಂಗಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿಕೊಟ್ಟ. (ಹ್ಯಾಂಬುರ್ಗಿನ ಹೆನಿಗ್ ಬ್ರಾಂಡ್ ಎಂಬವನಂತೂ ಅದರ ಹೊಂಬಣ್ಣಕ್ಕೆ ಮರುಳಾಗಿ ಬಂಗಾರ ತೆಗೆಯಲು ಹೊರಟು, 1669ರಲ್ಲಿ ರಂಜಕವನ್ನು ಕಂಡುಹಿಡಿದ. ಅವನ ಮನೆಯವರು ಆ ವಾಸನೆಯನ್ನು ಹೇಗೆ ಸಹಿಸಿದರೋ!) ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್‌ನದು ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಕಥೆ. ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಮೋಂಬತ್ತಿಯ ಮೇಲೆ ಹಿಡಿದರೆ, ಬೇಯಿಸಿದ ಮೊಟ್ಟೆಯ ಬಿಳಿಯಂತೆ ಅದು ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತ ಮೇಲೆ ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದುವು. 1827ರಲ್ಲಿ ಅವನು ಇದನ್ನು ಪ್ರಕಟಿಸಿದ. ಒಂದು ಚಮಚ, ಒಂದು ಮೋಂಬತ್ತಿ. ಅಷ್ಟರಲ್ಲಿ ಒಂದು ರೋಗವೇ ಬೆಳಕಿಗೆ ಬಂತು.

ಇಂದು ಪ್ರಯೋಗಾಲಯದ ಹುಡುಗಿ ಬಣ್ಣಬಣ್ಣದ ಚೌಕಗಳಿರುವ ಒಂದು ಪಟ್ಟಿಯನ್ನು ಅದ್ದಿ, ಎರಡು ನಿಮಿಷದೊಳಗೆ ಸಕ್ಕರೆ, ಪ್ರೋಟೀನು, ರಕ್ತ, ಪಿತ್ತ ಎಲ್ಲವನ್ನೂ ಓದಿಬಿಡುತ್ತಾಳೆ. ಆದರೂ ಮೊದಲು ನೋಡಬೇಕಾದವರು ನಾವೇ. ನೀರು ಸಾಲದಿದ್ದರೆ ಮೂತ್ರ ಕಡುಹಳದಿಯಾಗುತ್ತದೆ. ಎರಡು ಲೋಟ ನೀರು ಕುಡಿದರೆ ತಿಳಿಯಾಗುತ್ತದೆ. ನೀರು ಕುಡಿದರೂ ಎಳ್ಳೆಣ್ಣೆಯ ಬಣ್ಣವೇ ಇದ್ದು, ಕಣ್ಣಿನ ಬಿಳಿಯೂ ಹಳದಿಯಾಗಿದ್ದರೆ ಅದು ಕಾಮಾಲೆಯ ಮಾತು. ರಭಸಕ್ಕೆ ಏಳುವ ನೊರೆ ಒಡನೆಯೇ ಒಡೆದುಹೋಗುತ್ತದೆ. ದಿನವೂ ಸೋಪಿನ ನೊರೆಯಂತೆ ನಿಂತರೆ ಪ್ರೋಟೀನು ಸೋರುತ್ತಿರಬಹುದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಉಳ್ಳವರು ನೊರೆ ಬರುವವರೆಗೆ ಕಾಯಲೇಬಾರದಂತೆ. ಪಿಂಡಗಳು ಕೆಡುವಾಗ ಬಹುಕಾಲ ಸದ್ದು ಮಾಡುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನನ್ನೂ ರಕ್ತದ ಕ್ರಿಯಾಟಿನೀನನ್ನೂ ನೋಡಿಸಬೇಕು. ಮಂಕಾಗಿ ಕದಡಿ, ದುರ್ವಾಸನೆಯೂ ಉರಿಯೂ ಇದ್ದರೆ ಸೋಂಕು. ಜೊತೆಗೆ ಚಳಿಜ್ವರ, ಬೆನ್ನುನೋವು ಬಂದರೆ ಅದು ಪಿಂಡದವರೆಗೆ ಏರಿದೆಯೆಂದು ಅರ್ಥ. ಆಗ ಬಾರ್ಲಿ ನೀರಿನ ಮುಖ ನೋಡುತ್ತ ಕೂರಬಾರದು. ಕಲ್ಲಿನ ವಿಷಯವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದು ತಾನೇ ಹೇಳಿಕೊಳ್ಳುತ್ತದೆ. ನಮ್ಮ ಇತಿಹಾಸದ ಉಪನ್ಯಾಸಕರು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದಾಗ ಸೊಂಟದಿಂದ ತೊಡೆಯ ಸಂದಿಯವರೆಗೆ ಹರಿದ ನೋವಿಗೆ ನೆಲದ ಮೇಲೆ ಹೊರಳಾಡಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಂದೆಯವರ ಸ್ಕ್ಯಾನಿನಲ್ಲಿ ಪಿಂಡಗಳು ಚೆನ್ನಾಗಿದ್ದುವು. ಮೂತ್ರಕೋಶದ ಒಳಗೋಡೆಯ ಮೇಲೆ ಒಂದೂವರೆ ಸೆಂಟಿಮೀಟರಿನ ಒಂದು ಗಂಟು ಇತ್ತು. ತಜ್ಞರು ಕೇಳಿದ ಮೊದಲ ಪ್ರಶ್ನೆ: “ಸಿಗರೇಟು ಸೇದುತ್ತಿದ್ದಿರಾ?” ಸೇದುತ್ತಿದ್ದರು, ಮೂವತ್ತು ವರ್ಷಕ್ಕೂ ಮೇಲೆ. ಬಿಟ್ಟು ಹದಿಮೂರು ವರ್ಷಗಳಾಗಿದ್ದುವು. ಹೊಗೆ ಹೋಗುವುದು ಎದೆಗೆ, ಗಂಟು ಬಂದದ್ದು ಕೆಳಹೊಟ್ಟೆಯಲ್ಲಿ. ಇದೆಂಥ ಸಂಬಂಧವೆಂದು ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು: ಹೊಗೆಯ ವಿಷಗಳು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತವೆ. ಪಿಂಡಗಳು ನಿಷ್ಠೆಯಿಂದ ಅವನ್ನು ಸೋಸಿ ಮೂತ್ರಕ್ಕೆ ಹಾಕುತ್ತವೆ. ಆ ಮೂತ್ರ ಗಂಟೆಗಟ್ಟಲೆ ಕೋಶದಲ್ಲಿ ನಿಂತು ಅದರ ಗೋಡೆಯನ್ನು ಸೋಕುತ್ತಿರುತ್ತದೆ. ವರ್ಷ ಮೂವತ್ತಾದರೆ ಗೋಡೆ ಏನು ಮಾಡೀತು? ಈ ಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಗಿಂತ ದೊಡ್ಡ ಕಾರಣ ಬೇರೆ ಇಲ್ಲ. ಬಿಟ್ಟರೆ ಅಪಾಯ ಇಳಿಯುತ್ತದೆ, ಆದರೆ ಪೂರ್ತಿ ಅಳಿಸಿಹೋಗುವುದಿಲ್ಲ.

ಆ ಪದ ಕೇಳಿದ ದಿನ ನಾವಿಬ್ಬರೂ ಆಟೋದಲ್ಲಿ ಮನೆಯವರೆಗೂ ಮಾತನಾಡಲಿಲ್ಲ. ಮನೆಯ ತಿರುವಿನಲ್ಲಿ ಮಾತ್ರ ಅವರು, “ದೀಪಾವಳಿಯಲ್ಲೇ ಹೇಳಿದ್ದರೆ ಇನ್ನೂ ಚಿಕ್ಕದಿರುತ್ತಿತ್ತೇನೋ,” ಎಂದರು. ನಾನು ಉತ್ತರ ಕೊಡಲಿಲ್ಲ. ಈಗಲೂ ನನ್ನಲ್ಲಿ ಆ ಮಾತಿಗೆ ಉತ್ತರವಿಲ್ಲ.

ಹೊಟ್ಟೆ ಕೊಯ್ಯಲಿಲ್ಲ. ಮೂತ್ರದ ದಾರಿಯಲ್ಲಿಯೇ ದೀಪವಿರುವ ಸಣ್ಣ ಕೊಳವೆಯನ್ನು ಇಳಿಸಿ ಗಂಟನ್ನು ಕೆರೆದು ತೆಗೆದರು. ಅದು ಒಳಪದರವನ್ನು ಬಿಟ್ಟು ಸ್ನಾಯುವಿಗೆ ಇಳಿದಿರಲಿಲ್ಲವೆಂದು ಪರೀಕ್ಷೆಯ ವರದಿ ಬಂದ ದಿನ ನನ್ನಾಕೆ ದೇವರ ಮುಂದೆ ಎರಡು ದೀಪ ಹೆಚ್ಚಾಗಿ ಹಚ್ಚಿದಳು. ಆಮೇಲೆ ವಾರಕ್ಕೊಂದರಂತೆ ಆರು ವಾರ ಒಂದು ಔಷಧವನ್ನು ಕೋಶದೊಳಕ್ಕೇ ತುಂಬಿ, ಎರಡು ಗಂಟೆ ತಡೆದಿಡಿಸುತ್ತಿದ್ದರು. ಅದೇನೆಂದು ಬಲ್ಲಿರಾ? ಹುಟ್ಟಿದ ಮಕ್ಕಳ ಎಡತೋಳಿಗೆ ಕ್ಷಯ ಬಾರದಂತೆ ಚುಚ್ಚುವ ಬಿ.ಸಿ.ಜಿ.! ಅದು ಮೈಯ ಕಾವಲುಪಡೆಯನ್ನು ಎಬ್ಬಿಸಿ ಕೋಶದ ಗೋಡೆಗೆ ಕಳಿಸುತ್ತದೆಯಂತೆ. 1976ರಿಂದ ಹೀಗೆ ಬಳಸುತ್ತಿದ್ದಾರೆ. ಔಷಧವನ್ನು ತುಂಬಿಸಿಕೊಂಡು ಬಂದ ದಿನ ಆರು ಗಂಟೆಗಳ ಕಾಲ, ಪ್ರತಿ ಸಾರಿಯೂ ಪಾಯಿಖಾನೆಗೆ ಬ್ಲೀಚಿನ ನೀರು ಸುರಿಯಬೇಕು. ಸುರಿಯುವ ಕೆಲಸ ನನ್ನದು, ನಾನಿಲ್ಲದಾಗ ಸೊಸೆಯದು. ಮೊದಲ ವಾರ ಬಾಗಿಲ ಬಳಿ ಕೆಮ್ಮಿ ಸೂಚನೆ ಕೊಡುತ್ತಿದ್ದ ಮಾವನವರು, ಮೂರನೆಯ ವಾರದ ಹೊತ್ತಿಗೆ ಪಡಸಾಲೆಯಿಂದಲೇ “ಆಯಿತಮ್ಮಾ, ನೀರು ಹಾಕು,” ಎಂದು ಕೂಗುವ ಮಟ್ಟಕ್ಕೆ ಬಂದರು.

ಈ ಕಾಯಿಲೆಗೆ ಮರಳಿ ಬರುವ ಚಾಳಿಯಿದೆ. ಆದ್ದರಿಂದ ಮೂರು ಮೂರು ತಿಂಗಳಿಗೊಮ್ಮೆ ದೀಪದ ಕೊಳವೆಯಿಂದ ಒಳಗೆ ನೋಡುತ್ತಾರೆ. ಇದುವರೆಗೆ ನಾಲ್ಕು ಸಾರಿ ಆಗಿದೆ, ನಾಲ್ಕರಲ್ಲಿಯೂ ಗೋಡೆ ಶುದ್ಧವಾಗಿತ್ತು. ತಂದೆಯವರು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಹಾಜರಿ ಪುಸ್ತಕದಂತೆ ಗೆರೆ ಹೊಡೆದು, ತಾರೀಖು, ಕುಡಿದ ನೀರು, ರಾತ್ರಿ ಎಷ್ಟು ಸಾರಿ ಎದ್ದದ್ದು, ಬಣ್ಣ ಎಂದು ನಾಲ್ಕು ಅಂಕಣ. ಬಣ್ಣದ ಅಂಕಣದಲ್ಲಿ ತಿಳಿಹಳದಿ, ತಿಳಿಹಳದಿ, ಹೊಂಬಣ್ಣ, ತಿಳಿಹಳದಿ ಎಂದು ದುಂಡನೆಯ ಅಕ್ಷರಗಳಿವೆ. ರಾತ್ರಿ ಮೂರು ಸಾರಿ ಏಳುತ್ತಿದ್ದುದು ಪ್ರಾಸ್ಟೇಟ್ ಗ್ರಂಥಿ ಊದಿದ್ದರಿಂದ ಎಂದು ಗೊತ್ತಾಗಿ, ಅದಕ್ಕೂ ಮಾತ್ರೆ ನಡೆದಿದೆ.

ನಿನ್ನೆ ಬೆಳಗ್ಗೆ ತರಕಾರಿಯ ಗಾಡಿಯವನು ಬಾಗಿಲಲ್ಲಿ ಕೂಗಿದ. ನನ್ನಾಕೆ ಒಳಗೆ ತಿರುಗಿ, “ಮಾವ, ಬೀಟ್‌ರೂಟು ಚೆನ್ನಾಗಿದೆ, ತೊಗೊಳ್ಳಲಾ?” ಎಂದಳು.

ತಂದೆಯವರು ನೋಟ್‌ಬುಕ್ಕಿನಿಂದ ತಲೆಯೆತ್ತಿ, “ಹದಿನಾಲ್ಕನೇ ತಾರೀಖು ಪರೀಕ್ಷೆ ಇದೆಯಮ್ಮ. ಅದು ಮುಗಿದ ಮೇಲೆ ತೊಗೋ,” ಎಂದರು. “ಈ ಸಾರಿ ಕ್ಯಾರೆಟ್ಟು ಸಾಕು.”